ಕೈ ಎತ್ತದ ಯಜಮಾನರು

ಕಿವಿ ಕೇಳದ ಗಂಡನಿದ್ದರೆ ಮನೆ ಶಾಂತವಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೈದದ್ದು ಗಂಡನಿಗೆ ಮುಟ್ಟುವುದಿಲ್ಲ, ಬೀದಿಗೆಲ್ಲ ಮುಟ್ಟುತ್ತದೆ. ನಮ್ಮ ಯಜಮಾನರು ಕರುಮತ್ತಂಪಟ್ಟಿಯ ಪವರ್‌ಲೂಮ್ ಶೆಡ್ಡಿಗೆ ಮೀಸೆ ಮೂಡುವ ಮೊದಲು ಸೇರಿದವರು, ಹಲ್ಲು ಉದುರಿದ ಮೇಲೆ ಬಿಟ್ಟವರು. ಮಗ್ಗಗಳ ಗದ್ದಲ ಅವರ ಕಿವಿಯನ್ನು ತಿಂದುಹಾಕಿತು. ನಾನೂ ಅಲ್ಲೇ ನೂಲು ಸುತ್ತುತ್ತಿದ್ದೆ. ಆ ಸದ್ದಿನಲ್ಲಿ ಬಾಯಿಮಾತು ನಡೆಯದು, ಎಲ್ಲಾ ಕೈಸನ್ನೆ. ಅದರಲ್ಲೇ ಜಗಳ ಆಡಿದೆವು, ಅದರಲ್ಲೇ ಮಕ್ಕಳ ಹೆಸರನ್ನೂ ತೀರ್ಮಾನ ಮಾಡಿದೆವು. ಹಾಗಾಗಿ ಕಿವಿ ಹೋದದ್ದು ನಮಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಆದರೆ ಆವತ್ತು ಟೀ ಅಂಗಡಿಗೆ ಅಂತ ಹೈವೇ ದಾಟುವಾಗ ಇವರಿಗೆ ಹಾರ್ನ್ ಕೇಳಿಸಲಿಲ್ಲ. ಲಾರಿಯ ಗಾಳಿಗೆ ಹೆಗಲ ಮೇಲಿನ ಟವೆಲು ಹಾರಿಹೋಯಿತು. ನಾನು ಬಾಯಿ ಬಡಿದುಕೊಂಡು ಓಡಿದರೆ, ‘ಟವೆಲು ಯಾವ ಕಡೆ ಹೋಯ್ತು, ನೋಡಿದೆಯಾ?’ ಅಂತಾರೆ.

ಅದೇ ಹೊತ್ತಿಗೆ ನಮ್ಮ ಬೀದಿಯ ಶಾಲೆಗೆ ಪರದೇಶದವರು ಬಂದರು. ಅರ್ಧ ಜನ ಡಾಕ್ಟರು, ಅರ್ಧ ಜನ ಶಾಲೆಗೆ ರೂಮು ಕಟ್ಟುವವರು. ರಜೆ ಹಾಕಿ, ವಿಮಾನ ಹತ್ತಿ ಬಂದಿದ್ದಾರಂತೆ, ನಮಗೆ ಗೋಡೆ ಎಬ್ಬಿಸಲು. ‘ಯಾಕೆ, ಅವರ ಊರಲ್ಲಿ ಗೋಡೆ ಇಲ್ಲವಾ?’ ಅಂತ ಕೇಳಿದೆ. ಅವರ ಮಾತನ್ನು ತಮಿಳಿನಲ್ಲಿ ಹೇಳಲು ಬಂದಿದ್ದ ಪೋತ್ತನೂರಿನ ನರ್ಸಮ್ಮ ನಕ್ಕಳೇ ಹೊರತು ಅವರಿಗೆ ಅದನ್ನು ದಾಟಿಸಲಿಲ್ಲ. ಒಬ್ಬ ಹುಡುಗಿ ಗಾರೆ ಬಾಂಡ್ಲಿಯನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ಓಡಾಡುತ್ತಿದ್ದಳು. ನೋಡಲಾಗದೆ ಹಳೇ ಸೀರೆ ಹರಿದು, ಸಿಂಬೆ ಸುತ್ತಿ ಅವಳ ತಲೆ ಮೇಲಿಟ್ಟೆ. ಕಿರೀಟ ಅಂದುಕೊಂಡು ಫೋಟೋ ತೆಗೆಸಿಕೊಂಡಳು. ಗಾರೆ ಮತ್ತೆ ಎದೆಗೇ. ಇರಲಿ, ಅಷ್ಟು ದೂರದಿಂದ ಬಂದ ಕೂಸು.

ಯಜಮಾನರನ್ನು ಎಳೆದುಕೊಂಡು ಹೋಗಿ ಕಿವಿ ನೋಡುವ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಎರಡು ಕಿವಿಗೂ ಬಟ್ಟಲಿನಂಥದ್ದು ಹಾಕಿದರು. ಸದ್ದು ಕೇಳಿದಾಗೆಲ್ಲ ಕೈ ಎತ್ತಬೇಕು ಅಂತ ನರ್ಸಮ್ಮ ಎತ್ತಿ ತೋರಿಸಿದಳು. ಇವರು ಕಲ್ಲಿನ ಹಾಗೆ ಕೂತರು. ಕೈ ತೊಡೆ ಮೇಲಿಂದ ಏಳಲೇ ಇಲ್ಲ.

‘ಅಜ್ಜಿ, ತಾತನಿಗೆ ಪೂರ್ತಿ ಹೋಗಿದೆ. ಕಿವಿಗೆ ಹಾಕುವ ಮಿಷನ್ ಕೊಟ್ಟರೂ ಪ್ರಯೋಜನ ಇಲ್ಲ,’ ಅಂದಳು ನರ್ಸಮ್ಮ.

ನನ್ನ ಕಣ್ಣ ಮುಂದೆ ಲಾರಿ ಬಂತು. ಆದರೆ ನಡುನಡುವೆ ಇವರ ಹುಬ್ಬು ಕುಣಿದದ್ದನ್ನು ನಾನು ನೋಡಿದ್ದೆ. ‘ಕೇಳ್ತದಾ?’ ಅಂತ ಸನ್ನೆ ಮಾಡಿದೆ.

‘ಕೇಳ್ತದೆ. ಕೀಂ ಅಂತದೆ.’

‘ಮತ್ತೆ ಕೈ ಎತ್ತೋಕೆ ಏನು ದಾಡಿ?’

‘ಇಷ್ಟು ವರ್ಷದಲ್ಲಿ ಒಂದು ದಿನ ಎತ್ತಿದ್ದೀನಾ? ಈಗ ಪರದೇಶದೋರ ಮುಂದೆ ಎತ್ತಬೇಕಾ?’

ಆಗ ಹೊಳೆಯಿತು. ನಮ್ಮ ಶೆಡ್ಡಿನಲ್ಲಿ ಕೈ ಎತ್ತಿದರೆ ‘ಮಗ್ಗ ಕೆಟ್ಟಿದೆ, ನನ್ನ ಕೈಲಾಗಲ್ಲ, ಫಿಟ್ಟರ್ ಬಾ’ ಅಂತ ಅರ್ಥ. ಇವರು ತಮ್ಮ ಮಗ್ಗವನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದ ಗರ್ವಿಷ್ಠರು. ನರ್ಸಮ್ಮನಿಗೆ ಬಿಡಿಸಿ ಹೇಳಿದೆ, ಅವಳು ಡಾಕ್ಟರಮ್ಮನಿಗೆ ಹೇಳಿದಳು. ಮರ್ಯಾದೆ ಹೋಗದ ಸನ್ನೆ ಯಾವುದಾದರೂ ಇದೆಯಾ ಅಂತ ಆ ಪುಣ್ಯಾತ್ಗಿತ್ತಿ ನರ್ಸಮ್ಮನ ಕೈಲಿ ಕೇಳಿಸಿದಳು. ಇದೆಯಲ್ಲ! ಹೆಬ್ಬೆರಳನ್ನು ಬಾಯಿಗೆ ಬಗ್ಗಿಸಿದರೆ ‘ಟೀ ಬಂತು’. ಅದಾದರೆ ಇವರು ಎಷ್ಟು ಸಲ ಬೇಕಾದರೂ ಮಾಡುತ್ತಾರೆ, ಮಾಡಿದರು. ಗೋಡೆ ಕಟ್ಟುವವನೊಬ್ಬ ಕಿಟಕಿಯಲ್ಲಿ ನೋಡಿ, ಪಾಪ, ಮುದುಕನಿಗೆ ಏನು ಬಾಯಾರಿಕೆ ಅಂತ ನೀರಿನ ಬಾಟಲಿ ಮೇಲೆ ಬಾಟಲಿ ತಂದಿಟ್ಟ.

ಮಿಷನ್ ಸಿಕ್ಕಿತು. ಈಗ ಲಾರಿ ಇನ್ನೂ ದೂರ ಇರುವಾಗಲೇ ರಸ್ತೆ ಪಕ್ಕ ನಿಂತುಕೊಳ್ಳುತ್ತಾರೆ. ನನ್ನ ಪಾಡು ಕೇಳಿ. ಅದನ್ನು ಹಾಕಿದ ಮೊದಲ ದಿನವೇ ನಾನು ‘ಕೇಳ್ತದಾ?’ ಅಂತ ಕೂಗಿದರೆ, ಕಿವಿ ಹಿಡಿದುಕೊಂಡು ‘ಮೆತ್ತಗೆ ಮಾತಾಡೇ’ ಅಂದರು. ಮೆತ್ತಗೆ ಹೇಗೆ ಮಾತಾಡುವುದು? ಮದುವೆ ಆದಾಗಿನಿಂದ ಕೂಗಿಯೇ ಅಭ್ಯಾಸ. ಹಿತ್ತಿಲಲ್ಲಿ ಕೋಳಿಗಳ ಮುಂದೆ ಕಲಿತೆ. ನಿನ್ನೆ ಧೈರ್ಯ ಮಾಡಿ, ಹತ್ತಿರ ಹೋಗಿ, ‘ಊಟಕ್ಕೆ ಬನ್ನಿ’ ಅಂತ ಮೆತ್ತಗೆ ಅಂದೆ. ಯಜಮಾನರು ಗಾಬರಿಯಿಂದ ಎದ್ದು ನನ್ನ ಹಣೆ ಮುಟ್ಟಿ, ‘ಯಾಕೆ, ಮೈ ಸರಿ ಇಲ್ವಾ?’ ಅಂದರು. ಜ್ವರ ಇಲ್ಲ ಅಂತ ಬೀದಿಗೆಲ್ಲ ಕೇಳುವ ಹಾಗೆ ಬೈದ ಮೇಲೇ ನೆಮ್ಮದಿಯಾಗಿ ಊಟಕ್ಕೆ ಕೂತದ್ದು.