ದುಂಡು ಬೆಂಚಿನ ನಡುವೆ

ತಾಪತ್ರಯಕ್ಕೆಲ್ಲ ಮೂಲ ಆ ಬೆಂಚು ದುಂಡಗಿದ್ದದ್ದು. ಉದ್ದಕ್ಕಿದ್ದಿದ್ದರೆ ಜನ ತುದಿಗೊಬ್ಬರಂತೆ ಕೂತು, ಪಕ್ಕದವರ ಮುಖವನ್ನೂ ನೋಡದೆ ಎದ್ದು ಹೋಗಬಹುದಿತ್ತು. ಆದರೆ ಅದನ್ನು ವಿನ್ಯಾಸ ಮಾಡಿದ ಆರ್ಕಿಟೆಕ್ಟ್ ಮಹಾಶಯನಿಗೆ ನೇರ ಗೆರೆ ಕಂಡರಾಗದು. ಅವನು ಬರೆದದ್ದೆಲ್ಲ ಬಳೆ, ಉಂಗುರ, ಚಕ್ರ. ಆಫೀಸಿನಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತು, ದುಂಡಣ್ಣ ಎಂಬುದೇ ಖಾಯಂ ಆಗಿತ್ತು.

ತಾನು ವಾಸವಿದ್ದ ಅಪಾರ್ಟ್‌ಮೆಂಟಿನ ಅಂಗಳದಲ್ಲೇ ದುಂಡಣ್ಣ ಬಳೆಯ ಹಾಗೆ ನಡುವೆ ಖಾಲಿ ಬಿಟ್ಟ ಈ ಕಲ್ಲುಬೆಂಚನ್ನು ಹಾಕಿಸಿದ್ದ. ನೆರೆಹೊರೆಯವರು ಎದುರುಬದುರು ಕೂತು ಮನಬಿಚ್ಚಿ ಮಾತಾಡಲಿ ಎಂಬುದು ಅವನ ಆಸೆ. ಇದುವರೆಗೆ ಅದರ ಮೇಲೆ ಮನಬಿಚ್ಚಿ ಕೂತದ್ದು ಪಾರಿವಾಳಗಳು ಮಾತ್ರ.

ಅವತ್ತು ಬೆಳಿಗ್ಗೆ ಆಫೀಸಿನ ಯಜಮಾನರಿಂದ ಫೋನು ಬಂತು.

“ದುಂಡಣ್ಣ, ಹೊಸ ಪಾರ್ಕಿನ ಸಮಿತಿಯ ಮೇಡಂ ಸಂಜೆ ನಿನ್ನ ಬೆಂಚು ನೋಡೋಕೆ ಬರ್ತಿದ್ದಾರೆ. ಜನ ಕೂತಿದ್ರೆ ಪಾರ್ಕು ನಮ್ಮದು, ನಕ್ಷೆ ಬರೆಯೋನು ನೀನು. ಖಾಲಿ ಇತ್ತೋ, ನಿನ್ನ ಜೂನಿಯರ್ ಬರೆದಿರೋ ಉದ್ದ ಬೆಂಚನ್ನ ತೋರಿಸಿಬಿಡ್ತೀನಿ.”

ಒಂದು ಇಡೀ ಪಾರ್ಕನ್ನು ತನ್ನ ಕೈಯಾರೆ ಬರೆಯಬೇಕೆಂದು ದುಂಡಣ್ಣ ಕೆಲಸಕ್ಕೆ ಸೇರಿದಾಗಿನಿಂದ ಕನಸು ಕಂಡಿದ್ದ. ಅದು ನಿನ್ನೆ ಮೊನ್ನೆ ಬಂದ ಹುಡುಗನ ಪಾಲಾಗುವುದೆಂದರೆ! ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಜನಾನ ಎಲ್ಲಿಂದ ತರ್ತೀರಿ?” ಎಂದಳು ಹೆಂಡತಿ, ಬಟ್ಟೆ ಮಡಚುತ್ತ. “ಈ ಕಟ್ಟಡದಲ್ಲಿ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ.”

“ಪ್ರೀತಿಯಿಂದ ಕರೆದ್ರೆ ಬರ್ತಾರೆ ಕಣೆ” ಎಂದು ಚಪ್ಪಲಿ ಮೆಟ್ಟಿ ಹೊರಟ.

ಮೊದಲು ಸಿಕ್ಕವರು ಮೇಲಿನ ಮನೆಯ ಹಲ್ಲಿನ ಡಾಕ್ಟರು. ಬೆಂಚಿನ ಮಾತೆತ್ತಿದ್ದೇ ತಡ, ಉರಿದುಬಿದ್ದರು.

“ಆ ವಕೀಲರ ಎದುರಿಗೆ ನಾನು ಕೂರೋದಾ? ಗಿಡಕ್ಕೆ ಹಾಕಿದ ನೀರು ನಾಲ್ಕು ಹನಿ ಕೋಟಿನ ಮೇಲೆ ಬಿತ್ತು ಅಂತ ನೋಟಿಸ್ ಕಳಿಸಿದ ಮನುಷ್ಯ ಅವರು! ಮೊದಲು ಕ್ಷಮೆ ಕೇಳಲಿ, ಆಮೇಲೆ ಕೂರ್ತೀನಿ.”

ದುಂಡಣ್ಣನ ನಾಲಿಗೆ ಅವನ ಅಪ್ಪಣೆಗೆ ಕಾಯಲಿಲ್ಲ. “ಅದಕ್ಕೇ ಸಾರ್ ಕರೀತಿರೋದು! ಸಂಜೆ ಬೆಂಚಿನ ಹತ್ರ ಕ್ಷಮೆ ಕೇಳ್ತಾರಂತೆ. ಪಾಪ, ಸಂಕೋಚದ ಮನುಷ್ಯ. ನೀವಾಗಿ ಮಾತೆತ್ತಬೇಡಿ, ಅವರೇ ಶುರುಮಾಡ್ಲಿ.”

ಡಾಕ್ಟರ ಮುಖ ಅರಳಿತು. ಒಂದು ಸುಳ್ಳು ಇಷ್ಟು ಸಲೀಸಾಗಿ ದಾಟಿದ ಮೇಲೆ ಎರಡನೆಯದಕ್ಕೆ ಹೆದರಿಕೆ ಏಕೆ? ಅವನು ನೇರವಾಗಿ ಕೆಳಗಿನ ಮನೆಗೆ ಇಳಿದ.

“ಡಾಕ್ಟರು ಕ್ಷಮೆ ಕೇಳ್ತಾರಾ? ಬರವಣಿಗೆಯಲ್ಲೋ, ಬಾಯಿಮಾತಲ್ಲೋ?” ಎಂದು ವಕೀಲರು ಕನ್ನಡಕ ಏರಿಸಿದರು.

“ಬಾಯಿಮಾತಲ್ಲೇ ಸಾರ್. ಆದ್ರೆ ಕೈ ಮುಗಿದು.”

“ಕೈ ಮುಗಿದು ಅಂದ್ರೆ ಬರ್ತೀನಿ.”

ಆಮೇಲೆ ಸಿಕ್ಕವರು ಸಂಗೀತದ ಟೀಚರು ಮತ್ತು ಅವರ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು. ಟೀಚರು ಬೆಳಗಿನ ಜಾವ ಹಾಡಲು ಕೂತರೆ ಮಾಸ್ತರು ಗೋಡೆ ಗುದ್ದುತ್ತಿದ್ದರು. ಗುದ್ದಿದಷ್ಟೂ ಟೀಚರ ಸ್ವರ ಏರುತ್ತಿತ್ತು. ದುಂಡಣ್ಣ ಇಬ್ಬರಿಗೂ ಅದೇ ಮದ್ದು ಅರೆದ. ಸಾಲದೆಂಬಂತೆ, “ನಿಮ್ಮ ಹಾಡು ಕೇಳದಿದ್ರೆ ಮಾಸ್ತರಿಗೆ ಈಗ ದಿನವೇ ಸಾಗಲ್ವಂತೆ” ಎಂದು ಟೀಚರಿಗೂ, “ಇನ್ನು ಮೇಲೆ ಬಾಯಿ ಮುಚ್ಚಿಕೊಂಡೇ ಹಾಡ್ತಾರಂತೆ” ಎಂದು ಮಾಸ್ತರಿಗೂ ಹೇಳಿದ.

ಮನೆಗೆ ಬಂದವನ ಮುಖದಲ್ಲಿ ಊರು ಗೆದ್ದ ಕಳೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲಾರೀ, ನಾಲ್ಕು ಜನಾನೂ ಕ್ಷಮೆ ಕೇಳಿಸ್ಕೊಳ್ಳೋಕೆ ಬರ್ತಿದ್ದಾರೆ. ಕೇಳೋರು ಯಾರು?” ಎಂದಳು.

ದುಂಡಣ್ಣನಿಗೆ ಇದು ಹೊಳೆದೇ ಇರಲಿಲ್ಲ. “ಮೇಡಂ ಬಂದು ಹೋಗೋವರೆಗೆ ಸುಮ್ಮನೆ ಕೂತಿದ್ರೆ ಸಾಕು ಕಣೆ” ಎಂದ.

ಸಂಜೆ ನಾಲ್ವರೂ ಇಸ್ತ್ರಿ ಬಟ್ಟೆ ತೊಟ್ಟು ಇಳಿದು ಬಂದರು. ಬೆಂಚಿನ ನಾಲ್ಕು ದಿಕ್ಕಿಗೂ ಕೂತು, ಗದ್ದ ಎತ್ತಿ, ಎದುರಿನವರು ಯಾವಾಗ ಬಾಯಿ ಬಿಡುತ್ತಾರೋ ಎಂದು ಕಾಯತೊಡಗಿದರು. ಅಷ್ಟರಲ್ಲಿ ಮೇಡಂ ಬಂದರು, ಜೊತೆಗೆ ಯಜಮಾನರು. ಹಿಂದೆ ನಕ್ಷೆಯ ಸುರುಳಿ ಹಿಡಿದ ಜೂನಿಯರ್.

“ಜನ ಇದ್ದಾರೆ, ಸರಿ. ಆದ್ರೆ ಯಾರೂ ಮಾತೇ ಆಡ್ತಿಲ್ವಲ್ಲ?” ಎಂದರು ಮೇಡಂ.

“ಇದು ಮೌನದ ಆತ್ಮೀಯತೆ ಮೇಡಂ” ಎಂದ ದುಂಡಣ್ಣ, ಬೆವರು ಒರೆಸಿಕೊಳ್ಳುತ್ತ.

“ಹಲ್ಲು ಕೀಳಿಸೋಕೆ ಸರದಿ ಕಾಯ್ತಿರೋ ಹಾಗಿದ್ದಾರಲ್ರೀ!”

ಯಜಮಾನರ ಕೈ ಮೆಲ್ಲಗೆ ಜೂನಿಯರ್‌ನ ಸುರುಳಿಯತ್ತ ಹೋಯಿತು. ದುಂಡಣ್ಣನಿಗೆ ಪಾರ್ಕೇ ಕೈಜಾರುತ್ತಿರುವಂತೆ ಕಂಡಿತು. ಏನಾದರೂ ಮಾಡಲೇಬೇಕೆಂದು ಬೆಂಚು ದಾಟಿ ನಡುವೆ ಹೋಗಿ ನಿಂತು, “ಏನಾದ್ರೂ ಮಾತಾಡಿ, ನಿಮ್ಮ ದಮ್ಮಯ್ಯ” ಎಂದು ಪಿಸುಗುಟ್ಟಿದ.

ವಕೀಲರ ತಾಳ್ಮೆಯೂ ಮುಗಿದಿತ್ತು. “ಡಾಕ್ಟ್ರೇ, ಕೈ ಮುಗಿಯೋದಿದ್ರೆ ಬೇಗ ಮುಗೀರಿ. ನನಗೆ ಬೇರೆ ಕೆಲಸ ಇದೆ.”

“ನಾನ್ಯಾಕೆ ಕೈ ಮುಗೀಲಿ? ಕ್ಷಮೆ ಕೇಳೋರು ನೀವಲ್ವಾ?”

“ಹಾಗಂತ ಯಾರು ಹೇಳಿದ್ದು?”

“ಇವನೇ!”

“ನನಗೂ ಇವನೇ ಹೇಳಿದ್ದು!” ಎಂದರು ಮಾಸ್ತರು.

“ನನ್ನ ಹಾಡಿಲ್ದೆ ನಿಮಗೆ ದಿನವೇ ಸಾಗಲ್ಲ ಅಂದಿದ್ದ!” ಎಂದು ಟೀಚರು ಮಾಸ್ತರತ್ತ ತಿರುಗಿದರು.

“ಅಯ್ಯೋ ದೇವರೇ! ನೀವು ಬಾಯಿ ಮುಚ್ಚಿ ಹಾಡ್ತೀರಿ ಅಂದಿದ್ದನಲ್ಲಮ್ಮ!”

ಟೀಚರಿಗೆ ನಗು ತಡೆಯಲಾಗಲಿಲ್ಲ. ಮಾಸ್ತರೂ ನಕ್ಕರು. ಡಾಕ್ಟರು ಎದ್ದು ಹೋಗಿ ವಕೀಲರ ಪಕ್ಕದಲ್ಲೇ ಕೂತು, “ಇವನ ಮೇಲೆ ಕೇಸು ಹಾಕೋಕಾಗುತ್ತಾ?” ಎಂದು ಕೇಳಿದರು. “ಯಾಕಾಗಲ್ಲ ಡಾಕ್ಟ್ರೇ, ನಿಮ್ಮದೊಂದು, ನನ್ನದೊಂದು!” ಎಂದು ವಕೀಲರು ಅವರ ಭುಜ ತಟ್ಟಿದರು. ಗದ್ದಲ ಕೇಳಿ ಉಳಿದ ಮನೆಗಳವರೂ ಇಳಿದು ಬಂದರು. ನೋಡನೋಡುತ್ತ ಬೆಂಚು ಭರ್ತಿಯಾಯಿತು. ದುಂಡಣ್ಣ ನುಸುಳಿಕೊಳ್ಳಲು ಸಂದಿ ಹುಡುಕಿದ. ದುಂಡು ಬೆಂಚಿಗೆ ಸಂದಿ ಎಲ್ಲಿಯದು? ಯಾವ ಕಡೆ ತಿರುಗಿದರೂ ಎದುರಿಗೊಬ್ಬರು ಬೈಯಲು ಸಿದ್ಧರಿದ್ದರು.

ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. “ಇದಪ್ಪಾ ಮಾತುಕತೆ ಅಂದ್ರೆ! ಪಾರ್ಕು ನಿಮ್ಮದೇ. ಇಂಥದ್ದೇ ಬೆಂಚುಗಳನ್ನ ಉದ್ದಕ್ಕೂ ಹಾಕಿ.”

ದುಂಡಣ್ಣನ ಕಣ್ಣಲ್ಲಿ ನೀರಾಡಿತು. ಬೈಗುಳವೆಲ್ಲ ಮರೆತುಹೋಯಿತು. “ನಾಳೆ ಬೆಳಿಗ್ಗೆಯಿಂದಲೇ ನಕ್ಷೆ ಶುರು ಮಾಡ್ತೀನಿ ಮೇಡಂ!”

“ಛೆ ಛೆ, ನಕ್ಷೆ ಬರೆಯೋಕೆ ಯಾರಾದ್ರೂ ಸಿಕ್ತಾರೆ. ನಾನು ನೋಡ್ತಾನೇ ಇದ್ದೆ. ಬರೀ ಬೆಂಚಿದ್ದಾಗ ಎಲ್ಲರೂ ಗುಮ್ಮನ ಹಾಗೆ ಕೂತಿದ್ರು. ನೀವು ಮಧ್ಯೆ ಹೋಗಿ ನಿಂತ್ರಿ, ಎಲ್ಲರಿಗೂ ಬಾಯಿ ಬಂತು. ಪಾರ್ಕಿಗೆ ಬೇಕಾಗಿರೋದು ನೀವೇ. ದಿನಾ ಸಂಜೆ ಬಂದು ನಿಂತುಬಿಡಿ.”

ಯಜಮಾನರು ಹಿಂದು ಮುಂದು ನೋಡಲಿಲ್ಲ. ಜೂನಿಯರ್‌ನ ಬೆನ್ನು ತಟ್ಟಿ, “ಪಾರ್ಕಿನ ನಕ್ಷೆ ನೀನು ಬರಿ ಮರಿ. ಬೆಂಚು ದುಂಡಗೇ ಇರ್ಲಿ. ಇವನು ನಿಲ್ಲೋಕೆ ನಡುವೆ ಜಾಗ ಬಿಡೋದು ಮಾತ್ರ ಮರೀಬೇಡ” ಎಂದರು.

ದುಂಡಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವಕೀಲರು ಕೈ ಎತ್ತಿದರು.

“ಆಕ್ಷೇಪಣೆ ಇದೆ ಮೇಡಂ. ಇವನನ್ನ ಪಾರ್ಕಿಗೆ ಕರ್ಕೊಂಡು ಹೋಗೋದಾದ್ರೆ ಕತ್ತಲಾದ ಮೇಲೆ ಕರ್ಕೊಂಡು ಹೋಗಿ. ಸಂಜೆ ಹೊತ್ತು ಇವನು ಇಲ್ಲಿಗೆ ಬೇಕು. ನಮ್ಮದಿನ್ನೂ ಮುಗಿದಿಲ್ಲ.”