ಗೆರಟೆಯೊಳಗಿನ ಜರ್ಮನಿಯವನು

ಐವತ್ತು ದಾಟಿದವ ಸುಮ್ಮನೆ ಗುಡ್ಡ ಹತ್ತಿದರೆ ಅವನ ಮೊಣಕಾಲು ಮಾತ್ರ ಮಾತಾಡುತ್ತದೆ. ಡಬ್ಬಿ ಹುಡುಕಲಿಕ್ಕೆ ಗುಡ್ಡ ಹತ್ತಿದರೆ ಇಡೀ ಊರೇ ಮಾತಾಡುತ್ತದೆ. ಅದಕ್ಕೇ ಇರಬೇಕು, ನಾನು ಚಪ್ಪಲಿ ಮೆಟ್ಟಿ ಹೊರಟ ಪ್ರತಿ ಭಾನುವಾರವೂ ಒಂದಲ್ಲ ಒಂದು ಆಗಿಯೇ ಆಗುತ್ತದೆ. ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಉದ್ದ ಮಾಡುತ್ತೇನೆ, ಅಷ್ಟೆ.

ಈ ಆಟಕ್ಕೆ ಜಿಯೋಕ್ಯಾಶ್ ಅಂತ ಹೆಸರು. ಕೆಲಸ ಇಲ್ಲದ ಒಬ್ಬ ಗುಡ್ಡದ ತಲೆಯಲ್ಲಿ ಒಂದು ಡಬ್ಬಿ ಅಡಗಿಸಿ, ಅದರ ಜಾಗವನ್ನು ಮೊಬೈಲಿನ ಆ್ಯಪಿಗೆ ಹಾಕುತ್ತಾನೆ. ಕೆಲಸ ಇಲ್ಲದ ಇನ್ನೊಬ್ಬ ಅದನ್ನು ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆದು, ಪುನಃ ಅಲ್ಲೇ ಇಟ್ಟು ಬರುತ್ತಾನೆ. ಸಿಗುವುದೆಂತ ಅಂತ ಕೇಳಿದರೆ, ಕಾಲಿನ ರಕ್ತ ಹೀರುವ ನಾಲ್ಕು ಉಂಬಳ.

ನಮ್ಮ ಕಡೆ ಈ ಮರುಳು ಹಿಡಿದವರು ಇಬ್ಬರು. ಕಡಬದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು, ಮತ್ತೆ ನನ್ನ ಪಕ್ಕದ ಮನೆಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ರು. ಅವರ ಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಗುಡ್ಡದ ಬುಡದಿಂದ ತುದಿಯವರೆಗೆ ಮೂವತ್ತಾರು ವರ್ಷದ ಸರ್ವಿಸಿನ ಕಥೆ. ಕಥೆಯಲ್ಲಿ ಒಬ್ಬ ಕಳ್ಳನಾದರೂ ಬರಬಾರದಾ? ಇಲ್ಲ. ಬರೀ ವರ್ಗಾವಣೆ. ಈ ಬಾಯಿಯನ್ನು ಒಮ್ಮೆ ಮುಚ್ಚಿಸಬೇಕು ಎನ್ನುವುದೊಂದೇ ನನ್ನ ಜೀವನದ ಗುರಿಯಾಗಿತ್ತು.

ಮೂರು ಸುತ್ತು

ಗುಂಡ್ಯದ ಹತ್ತಿರದ ಗುಡ್ಡವೊಂದರಲ್ಲಿ ಹೊರಗಿನಿಂದ ಬಂದ ಏಳು ಜನ ಸಿಕ್ಕಿದರು. ಒಬ್ಬೊಬ್ಬರ ಬೂಟು ನನ್ನ ಅಂಗಡಿಯ ಮಿಷನಿನಷ್ಟು ದೊಡ್ಡದು. ಎರಡೂ ಕೈಯಲ್ಲಿ ಕೋಲು, ಬೆನ್ನಿನಿಂದ ಬಾಯಿಗೆ ನೀರಿನ ಪೈಪು, ಹಣೆಗೆ ದೀಪ. ಬೆಳಿಗ್ಗೆ ಹತ್ತು ಗಂಟೆಗೆ, ಸೂರ್ಯ ನೆತ್ತಿ ಸುಡುವಾಗ!

ಮೊಬೈಲು ಅವರಿಗೆ ಒಂದು ಹಳೇ ಹಲಸಿನ ಮರವನ್ನು ತೋರಿಸುತ್ತಿತ್ತು. "ಮೂರು ಮೀಟರ್ ಎಡಕ್ಕೆ", "ಇಲ್ಲ ಇಲ್ಲ, ಇನ್ನೂ ಎಡಕ್ಕೆ" ಅಂತ ತಲೆ ಬಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಮರವನ್ನು ಸುತ್ತತೊಡಗಿದರು. ಡಬ್ಬಿ ಇದ್ದದ್ದು ಬೇರಿನ ಸಂದಿನಲ್ಲಿ. ಆ ಬೇರಿನ ಮೇಲೆ ಕೂತಿದ್ದವ ನಾನು. ಹೇಳಲಿಲ್ಲ. ಅಷ್ಟು ಬೆಲೆಯ ಬೂಟು ಸವೆಯಲಿ ಅಂತ ಬಿಟ್ಟೆ.

ಅಷ್ಟರಲ್ಲಿ ತರಗೆಲೆಯ ದೊಡ್ಡ ಹೊರೆ ಹೊತ್ತು ಒಬ್ಬ ಅಜ್ಜಿ ಬಂದರು. ಸ್ವಲ್ಪ ಹೊತ್ತು ನೋಡಿದರು. ಹೊರೆ ಇಳಿಸಿದರು, ಹವಾಯಿ ಚಪ್ಪಲಿ ಬಿಟ್ಟರು, ಕೈ ಮುಗಿದುಕೊಂಡು ಎಂಟನೆಯವರಾಗಿ ಸಾಲಿಗೆ ಸೇರಿದರು. ಮೂರು ಸುತ್ತು ಮುಗಿಸಿ ಮುಂದಿದ್ದ ಹುಡುಗಿಯನ್ನು ಕೇಳಿದರು: "ನಿಮ್ಮದು ಎಷ್ಟು ಸುತ್ತಿನ ಹರಕೆ ಮಗಾ? ನನಗೆ ಇನ್ನು ಆಗುದಿಲ್ಲ, ದನಕ್ಕೆ ಹುಲ್ಲು ಹಾಕ್ಲಿಕ್ಕುಂಟು."

"ಹರಕೆ ಅಲ್ಲ ಅಜ್ಜಿ, ಒಂದು ಡಬ್ಬಿ ಹುಡುಕ್ತಾ ಇದ್ದೇವೆ."

"ಡಬ್ಬಿಯಾ? ಅದು ಆ ಬೋಳುತಲೆ ಅಣ್ಣ ಕೂತಲ್ಲಿ ಅಡಿಯಲ್ಲಿ ಉಂಟಲ್ಲ! ಅದರಲ್ಲಿ ನಾನು ಎಲೆ-ಅಡಿಕೆ ಇಡುದು."

ಊಟದ ವೇಳೆ

ಸುಳ್ಯದ ಕಡೆಯ ಒಂದು ಗುಡ್ಡದ ಡಬ್ಬಿಗೆ ಮ್ಯಾನೇಜರ್ರು ಒಬ್ಬರೇ ಹೋಗುವಂತೆ ಮಾಡಿದೆ. ನನಗೆ ಮೊಣಕಾಲು ನೋವು ಅಂದೆ. ನಿಜವಾಗಿ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಡಬ್ಬಿಯ ಮೇಲೆ ನನ್ನ ಕೈಯಾರೆ ಬರೆದ ಚೀಟಿ ಅಂಟಿಸಿ ಬಂದಿದ್ದೆ: "ಊಟದ ವೇಳೆ. ಎರಡೂವರೆಯ ನಂತರ ಬರುವುದು."

ನೋಡಿ ಬೈಯುತ್ತಾರೆ, ಬೈದು ಬೈದು ಬಾಯಿ ಸೋತು ಒಂದು ವಾರವಾದರೂ ಸುಮ್ಮನಿರುತ್ತಾರೆ ಎನ್ನುವುದು ನನ್ನ ಅಂದಾಜು. ಸಂಜೆ ಐದಕ್ಕೆ ಅವರು ಗೇಟಿನಲ್ಲಿ ಕಂಡರು. ಮುಖ ಸುಟ್ಟ ಹಪ್ಪಳದ ಹಾಗೆ ಆಗಿತ್ತು.

"ಎಂತ ಸಾರ್, ಇಷ್ಟು ತಡ?"

"ಹನ್ನೆರಡೂಮುಕ್ಕಾಲಕ್ಕೆ ಮುಟ್ಟಿದೆ. ಊಟದ ವೇಳೆ ಅಂತ ಬರೆದಿತ್ತು. ಗೇರು ಮರದ ಅಡಿಯಲ್ಲಿ ಕೂತೆ."

"ಡಬ್ಬಿಗೆ ಎಂತ ಊಟ ಸಾರ್?"

"ಡಬ್ಬಿಗೆ ಊಟ ಇಲ್ಲ, ನನಗೂ ಗೊತ್ತುಂಟು. ಆದರೆ ಬೋರ್ಡು ಅಂದರೆ ಬೋರ್ಡು ಮಾರಾಯ್ರೆ! ಮೂವತ್ತಾರು ವರ್ಷ ನಾನೇ ನೇತಾಡಿಸಿದ್ದು. ಈಗ ನಾನೇ ಮೀರುದಾ?"

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಬ್ಯಾಂಕಿನವರು ಯಾವ ಕಾಗದವನ್ನೂ ಬಿಸಾಡುವುದಿಲ್ಲ. ಹೋಗುವಾಗ ತಿರುಗಿ ನಿಂತು ಹೆಮ್ಮೆಯಿಂದ ಹೇಳಿದರು: "ಎರಡೂವರೆಗೆ ಸರಿಯಾಗಿ ತೆರೆದೆ. ಒಂದು ನಿಮಿಷ ಹಿಂದೆ ಮುಂದೆ ಇಲ್ಲ."

ಪಂಥ

ಹುಡುಕಿ ಹುಡುಕಿ ಸಾಕಾಗಿ ನಾನೂ ಒಂದು ಅಡಗಿಸಿದೆ. ಇಚಿಲಂಪಾಡಿಯ ಕಡೆ ಒಂದು ಗುಡ್ಡ ಉಂಟು, ಬುಡದಿಂದ ತುದಿಯವರೆಗೆ ರಬ್ಬರು. ಕೇರಳದಿಂದ ಬಂದು ನೆಲೆನಿಂತ, ಊರೆಲ್ಲ ಚೇಟ್ಟ (ಅಣ್ಣ) ಅಂತ ಕರೆಯುವ ಒಬ್ಬರ ತೋಟ. ಮಳೆಗಾಲದಲ್ಲಿ ಅಲ್ಲಿ ಟ್ಯಾಪಿಂಗ್ ಇಲ್ಲ, ಅಂದರೆ ಮರ ಗೀರಿ ಹಾಲು ತೆಗೆಯುವ ಕೆಲಸ ಇಲ್ಲ. ಹಾಲು ಹಿಡಿಯುವ ತೆಂಗಿನ ಚಿಪ್ಪು, ನಮ್ಮ ಭಾಷೆಯಲ್ಲಿ ಗೆರಟೆ, ಅವನ್ನು ಮರಮರಕ್ಕೂ ಕವುಚಿ ಇಟ್ಟಿರುತ್ತಾರೆ. ತುದಿಯ ಕೊನೆಯ ಮರದ ಗೆರಟೆಯೊಳಗೆ ನಾನು ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಾಳೆ ಮಡಚಿಟ್ಟೆ. ಡಬ್ಬಿಯ ಖರ್ಚೂ ಉಳಿಯಿತು. ಸಾವಿರ ಗೆರಟೆಯಲ್ಲಿ ಒಂದು! ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲೂ ಇಷ್ಟು ಬುದ್ಧಿ ಯಾರಿಗೂ ಇಲ್ಲ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜನ ಬಂದರು. ಅಂದರೆ, ಬರಲಿಲ್ಲ. ಬಾರದವರನ್ನು ನಾನೇ ಬರಮಾಡಿಕೊಂಡೆ. ಒಂದು ಮಧ್ಯಾಹ್ನ ಗುಡ್ಡದ ತುದಿಯಲ್ಲಿ ಕೂತು, ನಾಲ್ಕು ಬಣ್ಣದ ಪೆನ್ನಿನಲ್ಲಿ ಹನ್ನೊಂದು ಹೆಸರು, ಪಕ್ಕದಲ್ಲಿ ಒಂದೊಂದು ಹೊಗಳಿಕೆ ಬರೆದೆ.

ಅದಾಗಿ ಒಂದು ತಿಂಗಳಿಗೆ, ಹೋಟೆಲಿನಲ್ಲಿ ಚಾ ಕುಡಿಯುವಾಗ ನಾಲ್ಕು ಜನರ ಎದುರು ಹೇಳಿದೆ: "ನನ್ನ ಗುಡ್ಡಕ್ಕೆ ಹನ್ನೊಂದು ಜನ ಬಂದಿದ್ದಾರೆ. ಪುತ್ತೂರಿನವರು, ಕಾಸರಗೋಡಿನವರು, ಒಬ್ಬ ಜರ್ಮನಿಯವ."

ಮ್ಯಾನೇಜರ್ರು ಗ್ಲಾಸು ಕೆಳಗಿಟ್ಟರು. "ಹೆಸರು ಉಂಟಾ ಕಾಗದದಲ್ಲಿ?"

"ಉಂಟು ಸಾರ್."

"ಹಾಗಾದರೆ ಪಂಥ. ಅದು ಸತ್ಯವಾದರೆ ನಾನು ಈ ಜನ್ಮದಲ್ಲಿ ಬ್ಯಾಂಕಿನ ಸುದ್ದಿ ಎತ್ತುದಿಲ್ಲ. ಸುಳ್ಳಾದರೆ ನೀವು ಮೊದಲ ದಿನದಿಂದ ರಿಟೈರ್ ಆದ ದಿನದವರೆಗೆ ಪೂರ್ತಿ ಕೇಳಬೇಕು. ಹೂಂಗುಟ್ಟಬೇಕು. ನಡುವೆ ಬಾಯಿ ಹಾಕುವ ಹಾಗಿಲ್ಲ."

ಜೀವಮಾನದ ಮೌನ, ಅದೂ ಪುಕ್ಕಟೆ! ನಾನು ಕೈ ಕೊಟ್ಟೆ.

ಶೀಟು

ಮುಂದಿನ ಭಾನುವಾರ ಗುಡ್ಡ ಹತ್ತಿ ನೋಡುತ್ತೇವೆ: ಗೆರಟೆಗಳೆಲ್ಲ ಅಂಗಾತ! ಪ್ರತಿಯೊಂದರಲ್ಲೂ ಬಿಳಿ ಹಾಲು. ಮಳೆ ಬಿಟ್ಟಿತು, ಟ್ಯಾಪಿಂಗ್ ಶುರುವಾಯಿತು; ಈ ಊರಲ್ಲಿ ಹುಟ್ಟಿ ಬೆಳೆದ ನನಗೆ ಮಾತ್ರ ಅದು ಹೊಳೆಯಲೇ ಇಲ್ಲ. ಕೊನೆಯ ಮರದಲ್ಲಿ ಕಾಗದವೂ ಇಲ್ಲ, ಕವರೂ ಇಲ್ಲ.

ಹೊಟ್ಟೆಯೊಳಗೆ ನನಗೆ ಹಬ್ಬ. ಸಾಕ್ಷಿಯೇ ಇಲ್ಲದ ಮೇಲೆ ಯಾವ ಪಂಥ? ಹೊರಗೆ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತೆ. "ಅಯ್ಯೋ ಸಾರ್, ಹನ್ನೊಂದು ಜನರ ಹೆಸರು ಹೋಯ್ತಲ್ಲ! ಪಾಪ, ಜರ್ಮನಿಯಿಂದ ಬಂದವ!"

"ಅಳಬೇಡಿ. ಕೆಳಗೆ ಹೋಗಿ ಚೇಟ್ಟನ ಹತ್ತಿರ ಕೇಳುವ" ಅಂದರು ಮ್ಯಾನೇಜರ್ರು.

ಚೇಟ್ಟ ನನ್ನನ್ನು ಕಂಡದ್ದೇ ಒಳಗೆ ಹೋಗಿ ಒಂದು ರಬ್ಬರ್ ಶೀಟು ತಂದು ಜಗಲಿಯಲ್ಲಿ ಪಟಾರನೆ ಹೊಡೆದರು. "ಮಳೆಗಾಲದಲ್ಲಿ ನನ್ನ ತೋಟದಲ್ಲಿ ಸುತ್ತುತ್ತಾ ಇದ್ದವರು ನೀವಲ್ಲವಾ? ಇದು ನಿಮ್ಮ ಕೆಲಸವಾ? ಟ್ಯಾಪಿಂಗಿನ ಅಕ್ಕನಿಗೆ ಗೆರಟೆಯಲ್ಲಿ ಕಾಗದ ಸಿಕ್ಕಿದ್ದು. ಯಾರದ್ದೋ ಜಾಗದ ದಾಖಲೆ ಅಂತ ಹೇಳಿ ಬಿಡಿಸಿ, ಒಣಗಲಿಕ್ಕೆ ಹಾಲು ಹೆಪ್ಪುಗಟ್ಟಿಸುವ ಟ್ರೇಯ ಮೇಲಿನ ಹಲಗೆಯಲ್ಲಿಟ್ಟಳು. ಗಾಳಿಗೆ ಹಾರಿ ಹಾಲಿಗೆ ಬಿತ್ತು. ಮತ್ತೆ ಶೀಟು ಒತ್ತುವ ಮಿಷನಿಗೂ ಹೋಯಿತು, ಹೊಗೆಗೂಡಿಗೂ ಹೋಯಿತು. ರಬ್ಬರಿನ ಅಂಗಡಿಯವ, 'ಚೇಟ್ಟ, ಇದನ್ನು ತೂಗುದಾ ಓದುದಾ?' ಅಂತ ನಗಾಡಿ ವಾಪಸ್ ಕೊಟ್ಟ."

ಮ್ಯಾನೇಜರ್ರು ಶೀಟನ್ನು ಬಿಸಿಲಿಗೆ ಎತ್ತಿ ಹಿಡಿದರು. ಹೊಗೆ ತಿಂದ ರಬ್ಬರು ಮಾವಿನ ರಸ ಒಣಗಿಸಿದ ಮಾಂಬಳದ ಹಾಗೆ ಹೊನ್ನಿನ ಬಣ್ಣಕ್ಕೆ ಹೊಳೆಯಿತು. ಅದರ ನಡುವೆ ನನ್ನ ಹಾಳೆ, ಒಂದಕ್ಷರ ಅಳಿಯದೆ. ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಲ್ಯಾಮಿನೇಶನ್ ಮಾಡಿದವ ನಾನು. ಇಷ್ಟು ಚಂದ ನನ್ನಿಂದ ಒಮ್ಮೆಯೂ ಆದದ್ದಿಲ್ಲ.

ಅವರು ಕಿಸೆಯಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ಊಟದ ವೇಳೆ. ಅದನ್ನು ಶೀಟಿನ ಪಕ್ಕದಲ್ಲಿ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಈ ಚೀಟಿಯಲ್ಲಿ ಅಕ್ಷರಕ್ಕೆ ಬಾಲ ಉಂಟು. ಪುತ್ತೂರಿನವನಿಗೂ ಬಾಲ ಉಂಟು. ಕಾಸರಗೋಡಿನವನಿಗೂ ಬಾಲ ಉಂಟು. ಇರಲಿ. ಈ ಜರ್ಮನಿಯವ ಎಂತ ಬರೆದದ್ದು? 'ಗುಡ್ಡ ಭಾರೀ ಲಾಯ್ಕ ಉಂಟು ಮಾರಾಯ್ರೆ'!"

"ಅವ ಎರಡು ವರ್ಷ ಮಂಗಳೂರಿನಲ್ಲಿ ಇದ್ದವ ಸಾರ್" ಅಂದೆ.

ಚೇಟ್ಟ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ನಲವತ್ತು ವರ್ಷದಿಂದ ಇಲ್ಲಿದ್ದೇನೆ. ನನಗೇ ಇಷ್ಟು ಬರೀಲಿಕ್ಕೆ ಬರುದಿಲ್ಲ."

ನಾನು ಕೊನೆಯ ಆಸೆಯಿಂದ ಹೆಸರುಗಳನ್ನು ಎಣಿಸಿದೆ. ಹನ್ನೆರಡು ಉಂಟು! ನಾನು ಬರೆದದ್ದು ಹನ್ನೊಂದೇ. ಕೆಳಗೆ ಮೂಲೆಯಲ್ಲಿ, ಬಾಲ ಇಲ್ಲದ ಪುಟ್ಟ ಅಕ್ಷರದಲ್ಲಿ, ಒಂದು ಸಹಿ, ತಾರೀಕು, ಅಡಿಯಲ್ಲಿ ಎರಡು ಗೆರೆ. "ನೋಡಿ ಸಾರ್, ನೋಡಿ! ಇದು ನನ್ನ ಕೈಬರಹ ಅಲ್ಲ! ಒಬ್ಬನಾದರೂ ಬಂದಿದ್ದಾನೆ!"

"ಬಂದಿದ್ದೇನೆ" ಅಂದರು ಮ್ಯಾನೇಜರ್ರು. "ಪಂಥಕ್ಕಿಂತ ಎರಡು ವಾರ ಮೊದಲು, ಕೊಡೆ ಹಿಡಿದುಕೊಂಡು. ಕಾಗದ ನೋಡದೆ ಕೈ ಕೊಟ್ಟವ ಅಲ್ಲ ನಾನು."

ಆ ಶೀಟು ಈಗ ಅವರ ಮನೆಯ ಬಾಗಿಲಲ್ಲಿ ಕಾಲೊರಸು. ಪ್ರತಿ ಭಾನುವಾರ ನಾನು ಜರ್ಮನಿಯವನ ಮೇಲೆ ಕಾಲೊರಸಿ ಅವರನ್ನು ಕರೆಯುತ್ತೇನೆ. ಅವರು ಕೊಡೆ ಹಿಡಿದು ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಹೊರಗೆ ಬರುತ್ತಾರೆ. ನಾನು ಹೂಂ ಅನ್ನುತ್ತೇನೆ. ಕಳೆದ ವಾರ ಪುತ್ತೂರಿನ ಕಡೆಯ ಒಂದು ಗುಡ್ಡದ ಅರ್ಧಕ್ಕೆ ಮುಟ್ಟುವಾಗ ಅವರು ತಮ್ಮ ಕಥೆಯಲ್ಲಿ ಕೊನೆಗೂ ಕ್ಲಾರ್ಕಿನಿಂದ ಹೆಡ್ ಕ್ಲಾರ್ಕ್ ಆದರು. ನನ್ನ ಅಂದಾಜಿನಲ್ಲಿ ಮ್ಯಾನೇಜರ್ ಆಗಲಿಕ್ಕೆ ಇನ್ನೂ ಹದಿನೆಂಟು ಗುಡ್ಡ ಉಂಟು.