ಐದು ಸಾವಿರ ಅಡಿಗೆ ಹನ್ನೊಂದು ಹೆಜ್ಜೆ ಕಡಿಮೆ

ಹಸಿರು ಬೋರ್ಡಿನ ಕಂಬದಿಂದ ಹನ್ನೊಂದು ಹೆಜ್ಜೆ ಕೆಳಗೆ, ರಸ್ತೆಯಂಚಿನ ಜಲ್ಲಿಯ ಆಚೆ, ನೆಲದಲ್ಲಿ ನಾಲ್ಕು ಸಣ್ಣ ಕುಳಿಗಳಿವೆ. ಮಡಚುವ ಕುರ್ಚಿಯೊಂದರ ಕಾಲುಗಳು ಎರಡು ವರ್ಷ ಅಲ್ಲೇ ಊರಿ ಆದ ಕುಳಿಗಳು. ಬೋರ್ಡಿನ ಮೇಲೆ ಬರೆದಿರುವುದು ಇಷ್ಟೇ: ಎತ್ತರ 5000 ಅಡಿ.

ಕುರ್ಚಿ ನನ್ನ ಕಾಕಾನದು. ಕಾಕಾ ಎಂದರೆ ಅಪ್ಪನ ತಮ್ಮ, ಧಾರವಾಡದಿಂದ ಬಂದು ಸ್ಯಾನ್ ರಮೋನಿನಲ್ಲಿ ನೆಲೆಸಿದವರು. ಇಡೀ ಕ್ಯಾಲಿಫೋರ್ನಿಯಾದಲ್ಲಿ ಅವರಷ್ಟು ಕಾಯಿದೆ ಪಾಲಿಸುವ ಬೇಟೆಗಾರ ಇನ್ನೊಬ್ಬನಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬೇಟೆಗಾರರ ಸುರಕ್ಷತಾ ಕೋರ್ಸಿನಲ್ಲಿ ನೂರಕ್ಕೆ ನೂರು. ಆ ಕೋರ್ಸು ಪಾಸಾದವರಿಗಷ್ಟೇ ಸಿಗುವ ಲೈಸೆನ್ಸು ಇತ್ತು. ಒಂದು ಜಿಂಕೆ ಹೊಡೆಯುವ ಹಕ್ಕು ಕೊಡುವ ಚೀಟಿ, ಅದಕ್ಕೆ ಟ್ಯಾಗು ಎನ್ನುತ್ತಾರೆ, ಅದನ್ನು ಪ್ರತಿವರ್ಷ ತಪ್ಪದೆ ಕೊಳ್ಳುತ್ತಿದ್ದರು. ಕಿತ್ತಳೆ ಬಣ್ಣದ ಜಾಕೀಟು, ದುರ್ಬೀನು, ನೋಟ್‌ಬುಕ್ಕು ಎಲ್ಲ ಇದ್ದವು. ಇಲ್ಲದ್ದು ಒಂದೇ: ಬಂದೂಕು!

“ಮನಿಯೊಳಗ ಬಂದೂಕ ಬಂದ್ರ ನಾ ಹೊರಗ,” ಎಂದಿದ್ದರಂತೆ ಕಾಕೂ, ಅಂದರೆ ಕಾಕಾನ ಹೆಂಡತಿ. ಕಾಕಾ ಒಂದು ವಾರ ಯೋಚಿಸಿ ಕಾಕೂವನ್ನೇ ಆರಿಸಿಕೊಂಡರು. ಒಂದು ವಾರ ಯಾಕೆ ಬೇಕಾಯಿತು ಎಂದು ಕಾಕೂ ಇವತ್ತಿಗೂ ಕೇಳುತ್ತಾರೆ.

ಬಂದೂಕು ಇದ್ದರೂ ಏನು ಮಾಡುತ್ತಿದ್ದರು? ಮೊಟ್ಟೆ ಕರಿದ ಹಂಚಿನಲ್ಲಿ ದೋಸೆ ಹೊಯ್ದರೆ ಮುಟ್ಟದ ಮನುಷ್ಯ. ಒಮ್ಮೆ ಕೇಳಿಯೇಬಿಟ್ಟೆ: “ಬಂದೂಕೇ ಇಲ್ಲ, ಇದು ಹ್ಯಾಂಗ ಬೇಟೆ ಆಗ್ತದ ಕಾಕಾ?”

“ಹೊಡಿಯೋ ಹಕ್ಕು ಕೈಯಾಗ ಇದ್ದಾಗ ನೋಡಿ ಬಿಟ್ಟು ಬರಬೇಕು. ಅದು ಬೇಟೆ. ಟ್ಯಾಗ್ ಇಲ್ಲದವ್ರು ನೋಡಿದ್ರ, ಇಲ್ಲಾ ಸೀಸನ್ ಮುಗದ ಮ್ಯಾಲೆ ನೋಡಿದ್ರ, ಅದು ಬರೇ ಪಿಕ್ನಿಕ್. ಲೆಕ್ಕಕ್ಕಿಲ್ಲ.”

“ಮತ್ತ ಬಂದೂಕು?”

“ಅದು ಸಣ್ಣ ವಿಷಯ.”

ಅವರ ಜಿಂಕೆಯೂ ಎಂಥದ್ದು! ಹೇಸರಗತ್ತೆಯ ಹಾಗೆ ಉದ್ದ ಕಿವಿ. ಅದಕ್ಕೇ ಮ್ಯೂಲ್ ಡೀರ್ ಎಂದು ಹೆಸರು. ಸಿಯೆರಾ ಬೆಟ್ಟಗಳ ಮೇಲೆ ಅದು ಎಲ್ಲಿರುತ್ತದೆ ಎಂಬುದನ್ನು ಕಾಕಾ ಪಂಚಾಂಗ ಓದಿದಂತೆ ಹೇಳುತ್ತಿದ್ದರು. “ಬಿಸಲಿದ್ರ ಎಂಟು ಸಾವಿರ ಅಡಿ ಮ್ಯಾಲೆ ಗಿಡದ ನೆರಳಾಗ ಬಿದ್ಕೊಂಡಿರ್ತಾವ. ಚಳಿ ಬಿತ್ತಂದ್ರ ಎದ್ದು ಮೇಯ್ಲಿಕ್ಕೆ ಹೊಂಡ್ತಾವ. ಹಿಮಾ ಮೊಣಕಾಲಮಟ್ಟ ಬಿತ್ತೋ, ಮೇವು ಮುಚ್ಚತದ. ಆಗ ಅವು ಇಳೀಲಿಕ್ಕೇ ಬೇಕು.”

ಇತ್ತ ಸ್ಯಾನ್ ರಮೋನಿನ ಮನೆಯ ಹಿತ್ತಲಿಗೆ ದಿನಾ ಸಂಜೆ ಮೂರು ಜಿಂಕೆಗಳು ಬಂದು ಕಾಕೂವಿನ ಗುಲಾಬಿ ಮೊಗ್ಗು ತಿಂದು ಹೋಗುತ್ತಿದ್ದವು. ಕಾಕಾ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

“ಹಿತ್ತಲಾಗ ನಿಂತ ಜಿಂಕಿ ಬಿಟ್ಟು ಮೂರು ತಾಸು ಡ್ರೈವ್ ಮಾಡ್ತಾರ ನೋಡವಾ ಇವ್ರು!” ಎನ್ನುತ್ತಿದ್ದರು ಕಾಕೂ.

“ಇವೂ ಒಂದು ಜಿಂಕೇನ? ಇವಕ್ಕ ಹವಾಮಾನ ಇಲ್ಲ, ಎತ್ತರ ಇಲ್ಲ. ಸ್ಪ್ರಿಂಕ್ಲರ್ ಟೈಮಿಂಗ್ ಅಷ್ಟ ಗೊತ್ತದ.”

ನಾನು ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುವವಳು. ಮಾತು ಕಡಿಮೆ. ಮದುವೆ ಯಾವಾಗ ಎಂದು ಕೇಳದ ಏಕೈಕ ಸಂಬಂಧಿ ಕಾಕಾ. ಫೋನು ಮಾಡಿದರೆ “ನಿಮ್ಮ ಕಡೆ ಗಾಳಿ ಯಾವ ದಿಕ್ಕಿಂದ ಅದ?” ಎನ್ನುತ್ತಿದ್ದರು. ಅದಕ್ಕೆ ಉತ್ತರ ನನ್ನ ಬಳಿ ಯಾವಾಗಲೂ ಇರುತ್ತಿತ್ತು. ಹಾಗಾಗಿ, ಎರಡು ವರ್ಷದ ಹಿಂದೆ ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದು ಡಾಕ್ಟರು ಡ್ರೈವಿಂಗು ಬೇಡ, ಎತ್ತರ ಬೇಡ ಎಂದಾಗ, ಕಾರು ನಡೆಸುವ ಕೆಲಸ ನನಗೆ ಬಂತು.

“ಎಷ್ಟು ಎತ್ತರದ ತನಕ ಹೋಗಬಹುದಂತ?” ಎಂದು ಕಾಕಾನನ್ನೇ ಕೇಳಿದೆ.

“ಐದು ಸಾವಿರ.”

ಐದು ಸಾವಿರ ಎಂದರೆ ನನಗೆ ಐದು ಸಾವಿರವೇ. ಬೋರ್ಡಿನ ಹನ್ನೊಂದು ಹೆಜ್ಜೆ ಕೆಳಗೆ ಕುರ್ಚಿ ಹಾಕಿದ್ದು ನಾನು. ಕಾಕಾ ಕೂತು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿಕೊಂಡು, ದುರ್ಬೀನು ಮೇಲಕ್ಕೆ ತಿರುಗಿಸುತ್ತಿದ್ದರು. ಕಾಕಾ ಹತ್ತುವಂತಿಲ್ಲ, ಜಿಂಕೆ ಹಿಮ ಬೀಳದೆ ಇಳಿಯುವುದಿಲ್ಲ. ಹಿಮವೋ, ಸೀಸನ್ನು ಮುಗಿಯುವುದರೊಳಗೆ ಬೀಳಬೇಕು. ಹೋದ ವರ್ಷ ಬೀಳಲಿಲ್ಲ. ಈ ವರ್ಷವೂ ಅಕ್ಟೋಬರ್ ಪೂರ್ತಿ ಬಿಸಿಲು. ನೋಟ್‌ಬುಕ್ಕಿನಲ್ಲಿ ತಾರೀಖು, ಉಷ್ಣತೆ, ಗಾಳಿ, ಎತ್ತರ ಎಲ್ಲ ತುಂಬಿಸಿ ಕೊನೆಯ ಕಾಲಮ್ಮಿನಲ್ಲಿ ಜಿಂಕೆ: 0, 0, 0.

ಅದೇ ತಿಂಗಳು ಕ್ಯುಪರ್ಟಿನೋದ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಂಕಲ್ಪಕ್ಕೆ ಯಾರ ಕೋರಿಕೆ ಏನು ಎಂದು ಆಚಾರ್ರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಒಬ್ಬರಿಗೆ ಗ್ರೀನ್ ಕಾರ್ಡು, ಒಬ್ಬರಿಗೆ ಮಗಳ ಅಡ್ಮಿಷನ್ನು. ಕಾಕಾ ಕೈಮುಗಿದು, “ಏಳು ಸಾವಿರ ಅಡಿ ಮ್ಯಾಲೆ ಹಿಮಾ ಬೀಳಬೇಕ್ರೀ ಆಚಾರ್ರ. ಸೀಸನ್ ಮುಗಿಯೂದ್ರೊಳಗ,” ಎಂದರು.

ಆಚಾರ್ರು ರೆಪ್ಪೆ ಮಿಟುಕಿಸದೆ “ಸಪ್ತಸಹಸ್ರಪಾದೋಪರಿ ಹಿಮಪಾತ ಸಿದ್ಧ್ಯರ್ಥಂ” ಎಂದು ಸೇರಿಸಿ ಮುಂದುವರಿದರು. ವೀಸಾ ಲಾಟರಿಗೇ ಸಂಸ್ಕೃತ ಹುಡುಕಿಕೊಂಡವರಿಗೆ ಹಿಮ ಯಾವ ಲೆಕ್ಕ!

ಸೀಸನ್ನಿನ ಕೊನೆಯ ಭಾನುವಾರ ಬೆಳಿಗ್ಗೆ ನಾನು ಫ್ಲಾಸ್ಕಿಗೆ ಚಹಾ ಹಾಕುತ್ತಿದ್ದೆ. ಕಾಕೂ ಬುತ್ತಿ ಕಟ್ಟುತ್ತಾ, “ಡಾಕ್ಟರ್ ಹೇಳಿದ್ದು ನೆನಪದನಲ್ಲಾ? ಮೂರು ಸಾವಿರ. ಅದರ ಮ್ಯಾಲೆ ಒಯ್ಯಬ್ಯಾಡವಾ,” ಎಂದರು.

ಚಹಾ ಚೆಲ್ಲಿತು. ಒರೆಸಿ, ಫ್ಲಾಸ್ಕಿನ ಮುಚ್ಚಳ ಬಿಗಿದೆ. ಆದರೆ ಬೆಟ್ಟ ಹತ್ತುವಾಗ ‘ಎತ್ತರ 3000 ಅಡಿ’ ಎಂಬ ಬೋರ್ಡಿನ ಹತ್ತಿರ ಕಾರು ನಿಲ್ಲಿಸಿದೆ.

“ಯಾಕ ನಿಂತಿ?”

“ಮೂರು ಸಾವಿರ ಆತು ಕಾಕಾ.”

ಕಾಕಾ ಬೋರ್ಡಿನ ಕಡೆ ತಿರುಗಿದರು. “ಅಕಿ ಹೇಳಿದಳೇನು?”

“ಹೂಂ. ನೀವು ನನಗ ಸುಳ್ಳ ಹೇಳಿದ್ರಿ.”

“ಮೂರು ಅಂದಿದ್ರ ನೀ ಮನಿ ಬಿಟ್ಟೇ ಹೊಂಡತಿರಲಿಲ್ಲ.” ನಿಜ. ಅವರಿಗೆ ಜಿಂಕೆಯಷ್ಟೇ ಅಲ್ಲ, ನಾನೂ ಗೊತ್ತಿದ್ದೆ. ಆಮೇಲೆ ಕಿಟಕಿಯಾಚೆ ನೋಡಿ, “ಮೂರು ಸಾವಿರದಾಗ ಜಿಂಕಿ ಇರೂದಿಲ್ಲವ್ವಾ, ಕಾಫಿ ಅಂಗಡಿ ಇರ್ತಾವ,” ಎಂದರು. ಎದುರಿಗೆ ಕಾಫಿ ಅಂಗಡಿಯೇ ಇತ್ತು!

ಅಲ್ಲೇ ಕುರ್ಚಿ ಹಾಕಿದೆ. ಕಿತ್ತಳೆ ಜಾಕೀಟು ತೊಟ್ಟು ಕಾಫಿ ಅಂಗಡಿಯ ಎದುರು ಕೂತ ಮುದುಕರನ್ನು ಹೋಗಿ ಬರುವವರೆಲ್ಲ ರಸ್ತೆ ರಿಪೇರಿಯವರು ಎಂದುಕೊಂಡಿರಬೇಕು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಬೇಟೆಗೆ ಕಾಯಿದೆಯ ಅನುಮತಿ. ಅಷ್ಟೂ ಹೊತ್ತು ಕೂತರು. ಒಂದೇ ಒಂದು ಸಲ ಕೇಳಿದ್ದರೆ ನಾನು ಐದು ಸಾವಿರಕ್ಕೆ ಕರೆದುಕೊಂಡು ಹೋಗಿಬಿಡುತ್ತಿದ್ದೆ. ಅವರು ಕೇಳಲಿಲ್ಲ. ಗಡಿಯಾರ ನೋಡಿ “ಆತು” ಎಂದರು. ನಾನು ಕುರ್ಚಿ ಮಡಚಿದೆ.

ಮಂಗಳವಾರ ಏಳು ಸಾವಿರ ಅಡಿಯ ಮೇಲೆ ಹಿಮ ಬಿತ್ತು. ಆಚಾರ್ರ ಸಂಕಲ್ಪ ಎರಡು ದಿನ ತಡವಾಗಿ ಫಲಿಸಿತ್ತು. ದೇವರ ಆಫೀಸಿನಲ್ಲೂ ಬ್ಯಾಕ್‌ಲಾಗು!

ಅಷ್ಟರಲ್ಲಿ ಕಾಕಾನ ಹಾಸಿಗೆ ನಡುಮನೆಗೆ ಬಂದಿತ್ತು, ಪಕ್ಕದಲ್ಲಿ ದಿನವಿಡೀ ಗುರುಗುಡುವ ಆಮ್ಲಜನಕದ ಯಂತ್ರ. ಗುರುವಾರ ನಾನು ಆಫೀಸಿಗೆ ಹುಷಾರಿಲ್ಲ ಎಂದು ಮೊದಲ ಬಾರಿ ಸುಳ್ಳು ಹೇಳಿ, ಒಬ್ಬಳೇ ಬೆಟ್ಟಕ್ಕೆ ಹೋದೆ. ನಾಲ್ಕು ಕುಳಿಗಳಲ್ಲಿ ಕುರ್ಚಿಯ ಕಾಲು ಇಟ್ಟು ಕೂತೆ. ಎರಡು ತಾಸಾದ ಮೇಲೆ ಅವು ಇಳಿದು ಬಂದವು. ನಾಲ್ಕು ಹೆಣ್ಣು, ಹಿಂದೆ ಒಂದು ಗಂಡು. ಬೋರ್ಡಿನ ಕೆಳಗೇ ರಸ್ತೆ ದಾಟಿದವು. ಗಂಡು ಒಂದು ಕ್ಷಣ ನಿಂತಿತು.

ಸಂಜೆ ಕಾಕಾನ ಪಕ್ಕದಲ್ಲಿ ಕೂತೆ. ಅವರು ನೋಟ್‌ಬುಕ್ಕು ತೆಗೆದರು.

“ಎತ್ತರ?”

“ಐದು ಸಾವಿರ. ಹನ್ನೊಂದು ಹೆಜ್ಜೆ ಕಡಿಮಿ.”

“ಗಾಳಿ?”

“ಮ್ಯಾಲಿಂದ ಕೆಳಗ. ನನ್ನ ವಾಸನಿ ಅವಕ್ಕ ಬರಲಿಲ್ಲ.”

“ಭೇಷ್. ಕಿವಿ?”

ನಾನು ಎರಡೂ ಅಂಗೈಗಳನ್ನು ತಲೆಯ ಅಕ್ಕಪಕ್ಕ ಹಿಡಿದು, ಒಂದನ್ನು ಮಾತ್ರ ನಿಧಾನವಾಗಿ ಅವರ ಕಡೆ ತಿರುಗಿಸಿದೆ. ಬುದ್ಧಿ ಬಂದಾಗಿನಿಂದ ಯಾರ ಮುಂದೆಯೂ ನಾನು ಹಾಗೆ ಮಾಡಿದವಳಲ್ಲ. ಕಾಕಾ ನಕ್ಕರು. ನಗು ಕೆಮ್ಮಾಯಿತು. ಕಾಕೂ ಬಂದು ಯಂತ್ರದ ಗುಂಡಿ ಒಂದು ಅಂಕೆ ಮೇಲಕ್ಕೆ ತಿರುಗಿಸಿದರು.

ಕೆಮ್ಮು ನಿಂತ ಮೇಲೆ ಕಾಕಾ ಕೊನೆಯ ಕಾಲಮ್ಮಿನಲ್ಲಿ ಬರೆದರು: 0.

“ಕಾಕಾ! ಐದು ನೋಡೇನಿ!”

“ಸೀಸನ್ ಮುಗದದ. ಮತ್ತ ನಿನ್ನ ಹಂತ್ಯಾಕ ಟ್ಯಾಗೆಲ್ಲದ?” ನೋಟ್‌ಬುಕ್ಕು ಮುಚ್ಚಿ, ತಮ್ಮ ದಿಂಬಿನ ಕೆಳಗಿಡದೆ, ನನ್ನ ತೊಡೆಯ ಮೇಲಿಟ್ಟರು. “ಮುಂದಿನ ವರ್ಷ ನೋಡೂಣು.”

ಕಾಕಾ ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಮೂವರಿಗೂ ಗೊತ್ತಿತ್ತು. ಕಾಕೂ ದೀಪ ಹಚ್ಚಲು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಆಫೀಸಿನ ಬಸ್ಸಿನಲ್ಲಿ ಕೂತು ಬೇಟೆಗಾರರ ಸುರಕ್ಷತಾ ಕೋರ್ಸಿಗೆ ಹೆಸರು ನೋಂದಾಯಿಸಿದೆ. ಹಿಂದೆ ಬೇಟೆಗೆ ಹೋಗಿದ್ದೀರಾ ಎಂದು ಫಾರಮ್ಮಿನಲ್ಲಿ ಕೇಳಿತ್ತು. ಹೌದು ಎಂದು ಗುರುತು ಹಾಕಿದೆ.